ಹಿಂದಿನ ಬಲಗಡೆಯ ಲೈಟು

ನನ್ನ ಹೆಂಡತಿ ಡ್ರೈವಿಂಗ್ ಟೆಸ್ಟಿನಲ್ಲಿ ಎರಡು ಸಲ ಫೇಲಾದಳು ಎಂಬ ಸುದ್ದಿಯನ್ನು ಬಂಧುಬಳಗಕ್ಕೆಲ್ಲ ತಲುಪಿಸಿದವನು ನಾನೇ. ಯಾರೂ ಕೇಳಿರಲಿಲ್ಲ. ಸುಮ್ಮನೆ ಕ್ಷೇಮ ವಿಚಾರಿಸಲು ಫೋನು ಮಾಡಿದವರಿಗೂ, ನಾವೆಲ್ಲ ಚೆನ್ನಾಗಿದ್ದೇವೆ, ಇವಳು ಮಾತ್ರ ಮತ್ತೆ ಫೇಲು ಎಂದು ನಗುತ್ತಾ ಹೇಳುತ್ತಿದ್ದೆ. ಐವತ್ತೈದನೇ ವಯಸ್ಸಿನಲ್ಲಿ ಸ್ಟೀರಿಂಗು ಹಿಡಿದರೆ ಕೈ ಹೇಳಿದ್ದನ್ನು ಕಾಲು ಕೇಳಬೇಕಲ್ಲ ಎಂದು ವಿವರಣೆಯನ್ನೂ ಸೇರಿಸುತ್ತಿದ್ದೆ. ನಿಜ ಹೇಳಬೇಕೆಂದರೆ ಅವಳ ಕೈಕಾಲುಗಳ ನಡುವೆ ಯಾವ ಜಗಳವೂ ಇರಲಿಲ್ಲ. ಎರಡು ಸಲವೂ ಫೇಲಾದದ್ದು ನಮ್ಮ ಕಾರಿನ ಹಿಂದಿನ ಬಲಗಡೆಯ ಲೈಟು. ಆ ಲೈಟಿನ ಉಸ್ತುವಾರಿ ನನ್ನದು. ಈ ಭಾಗವನ್ನು ಮಾತ್ರ ನಾನು ಫೋನಿನಲ್ಲಿ ಹೇಳುತ್ತಿರಲಿಲ್ಲ.

ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು. ಬೀಳ್ಕೊಡುವ ದಿನ ಸಹೋದ್ಯೋಗಿಗಳು ಗೋಡೆ ಗಡಿಯಾರ ಕೊಡುವವರಿದ್ದರು. ನಾನೇ ಸುಳಿವು ಕೊಟ್ಟು ಅದನ್ನು ಡಿಜಿಟಲ್ ಮಲ್ಟಿಮೀಟರಿಗೆ ಬದಲಾಯಿಸಿಕೊಂಡೆ. ಮಲ್ಟಿಮೀಟರ್ ಅಂದರೆ ವೋಲ್ಟೇಜು, ಕರೆಂಟು ಎಲ್ಲವನ್ನೂ ಅಳೆದು ದಶಾಂಶ ಸಮೇತ ತೋರಿಸುವ ಅಂಗೈಯಗಲದ ಪೆಟ್ಟಿಗೆ. ಅದು ಮನೆಗೆ ಬಂದ ಮೇಲೆ ನಮ್ಮ ಮನೆಯ ಒಂದೇ ಒಂದು ಗೋಡೆಯ ಪ್ಲಗ್ಗೂ ನೆಮ್ಮದಿಯಿಂದ ಇರಲಿಲ್ಲ. ಕಾರನ್ನು ಯಾವ ಮೆಕ್ಯಾನಿಕ್ಕೂ ಮುಟ್ಟಬಾರದು ಎಂಬ ಕಾನೂನನ್ನೂ ನಾನೇ ಜಾರಿಗೆ ತಂದೆ.

ಅವಳು ಡ್ರೈವಿಂಗ್ ಕಲಿಯಲು ಹೊರಟದ್ದು ಷೋಕಿಗಲ್ಲ. ಅವಳಿಗೆ ತಾಯಿಯಂತಿದ್ದ ಅಕ್ಕನಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿತ್ತು, ಮಾತೂ ಹೆಚ್ಚುಕಡಿಮೆ ಹೋಗಿತ್ತು. ಅಕ್ಕನ ಮನೆ ನಮ್ಮಿಂದ ನಲವತ್ತು ಕಿಲೋಮೀಟರು. ಮೊದಲ ವರ್ಷದಲ್ಲಿ ಹತ್ತಿರದವರು ಪಕ್ಕದಲ್ಲಿ ಕೂತು ಮಾತಾಡಿಸುತ್ತಾ ಇದ್ದರೆ ಮಾತು ಒಂದಿಷ್ಟಾದರೂ ಹಿಂದಿರುಗುತ್ತದೆ, ಬಿಟ್ಟರೆ ಇರುವುದೂ ಹೋಗುತ್ತದೆ ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು. ಅಕ್ಕನ ಮಗ ಬೆಳಿಗ್ಗೆ ಹೋದರೆ ರಾತ್ರಿ ಬರುವವನು. ನೋಡಿಕೊಳ್ಳಲು ಬರುವ ನರ್ಸು ಟಿವಿ ಹಾಕಿ ಕೂರುವವಳು. ನನ್ನ ಹೆಂಡತಿಗೆ ಔಷಧಿ ಅಂಗಡಿಯಲ್ಲಿ ಕೆಲಸ, ಭಾನುವಾರ ಒಂದೇ ರಜೆ. ಭಾನುವಾರ ಆ ದಾರಿಗೆ ಬಸ್ಸು ಹಿಡಿದರೆ ಎರಡು ಕಡೆ ಇಳಿದು ಹತ್ತಬೇಕು, ಅಕ್ಕನ ಪಕ್ಕ ಒಂದು ಗಂಟೆ ಕೂರುವಷ್ಟರಲ್ಲಿ ವಾಪಸಿನ ಬಸ್ಸು ಹೊರಟು ನಿಂತಿರುತ್ತದೆ.

ಹಾಗಾದರೆ ಗಂಡ ಎಂಬ ಮಹಾಶಯ ಏನು ಮಾಡುತ್ತಿದ್ದ ಎಂದು ನೀವು ಕೇಳಬಹುದು. ಅವನು ತಿಂಗಳಿಗೊಮ್ಮೆ ಕರೆದುಕೊಂಡು ಹೋಗುತ್ತಿದ್ದ. ಒಂದು ಭಾನುವಾರ ಮಂಡಿ ನೋವು, ಇನ್ನೊಂದು ಭಾನುವಾರ ಟ್ರಾಫಿಕ್ಕು, ಮತ್ತೊಂದು ಭಾನುವಾರ ಯಾಕೋ ಬೇಡ ಅನ್ನಿಸುವುದು. ಹೋದ ದಿನವೂ ಊಟವಾದ ಕೂಡಲೇ ಕಿಟಕಿಯ ಬಳಿ ನಿಂತು ಕಾರಿನ ಕೀ ಬೆರಳಲ್ಲಿ ತಿರುಗಿಸುತ್ತಿದ್ದ. ಆ ಕೀ ಸದ್ದಿಗೆ ಅವಳು ಮಾತು ಅರ್ಧಕ್ಕೆ ನಿಲ್ಲಿಸಿ ಎದ್ದುಬರುತ್ತಿದ್ದಳು. ಹೀಗೆ ನಾಲ್ಕು ಸಲ ಎದ್ದುಬಂದ ಮೇಲೆ, ಒಂದು ದಿನ ನನ್ನನ್ನು ಒಂದು ಮಾತೂ ಕೇಳದೆ ಡ್ರೈವಿಂಗ್ ಸ್ಕೂಲಿಗೆ ಸೇರಿದಳು. ನಾನೇ ಕಲಿಸುತ್ತೇನೆ ಎಂದೆ. ನೀವು ಕಲಿಸಿದರೆ ನಾವಿಬ್ಬರೂ ಉಳಿಯಲ್ಲ ಎಂದಳು.

ಟೆಸ್ಟು ನಮ್ಮದೇ ಕಾರಿನಲ್ಲಿ. ಅಲ್ಲಿನ ಇನ್ಸ್‌ಪೆಕ್ಟರು ಯಾರೇ ಬರಲಿ, ಮೊದಲು ಕಾರಿನ ಹಿಂದೆ ಹೋಗಿ ನಿಂತು ಎಲ್ಲ ಲೈಟೂ ಹಾಕಿಸಿ, ಬ್ರೇಕು ತುಳಿಸಿ ನೋಡುವವನು. ಹಿಂದಿನ ಕೆಂಪು ದೀಪ ಬ್ರೇಕಿಗೆ ಉರಿಯದಿದ್ದರೆ ಗಾಡಿ ಒಂದು ಗೇಣೂ ಮುಂದಕ್ಕೆ ಹೋಗುವಂತಿಲ್ಲ. ಮೊದಲ ಟೆಸ್ಟಿನ ಹಿಂದಿನ ದಿನ ಅವಳು, ಲೈಟೆಲ್ಲ ಒಮ್ಮೆ ನೋಡಿಬಿಡಿ ಎಂದಿದ್ದಳು. ನೋಡಿಯಾಗಿದೆ ಎಂದಿದ್ದೆ. ನೋಡಿದ್ದೆ, ಎರಡು ತಿಂಗಳ ಹಿಂದೆ. ಬಲಗಡೆಯ ಬಲ್ಬು ಸುಟ್ಟುಹೋಗಿತ್ತು. ಇನ್ಸ್‌ಪೆಕ್ಟರು ಅವಳ ಮುಖ ಕೂಡ ನೋಡದೆ, ಸರಿ ಮಾಡಿಸಿಕೊಂಡು ಬನ್ನಿ ಎಂದ. ಮುಂದಿನ ತಾರೀಖು ಸಿಕ್ಕಿದ್ದು ಆರು ವಾರಕ್ಕೆ.

ಸಂಜೆಯೇ ಸ್ಕ್ರೂಡ್ರೈವರು ಹಿಡಿದು ಕೂತೆ. ಕೆಂಪು ಗಾಜಿನ ಮುಚ್ಚಳಕ್ಕೆ ಎರಡೇ ಸ್ಕ್ರೂ. ಒಂದು ಮರ್ಯಾದೆಯಿಂದ ಬಂತು, ಇನ್ನೊಂದರ ತಲೆ ಸವೆದುಹೋಗುವ ತನಕ ತಿರುಗಿಸಿದೆ. ಮುಚ್ಚಳದ ಅಂಚಿಗೆ ರಬ್ಬರಿನ ಒಂದು ತೆಳು ಪಟ್ಟಿ ಇತ್ತು. ಹಾಕಲು ಹೋದರೆ ಮತ್ತೆ ಮತ್ತೆ ಜಾರುತ್ತಿತ್ತು. ಬೆಳಕಿಗೂ ರಬ್ಬರಿಗೂ ಏನು ಸಂಬಂಧ ಎಂದು ಅದನ್ನು ಮೇಜಿನ ಡ್ರಾಯರಿಗೆ ಎಸೆದೆ. ಹೊಸ ಬಲ್ಬನ್ನು ಸಾಕೆಟ್ಟಿಗೆ ಒತ್ತಿ ತಿರುಗಿಸಿದೆ. ಕೂರಲಿಲ್ಲ. ಇನ್ನೂ ಒತ್ತಿದೆ. ಕಡೆಗೆ ಹಲ್ಲುಕಚ್ಚಿ ಒತ್ತಿದಾಗ ಒಳಗೆ ಏನೋ ಕಟಕ್ಕೆಂದು, ಕೂತಿತು.

ಬ್ರೇಕು ಲೈಟು ಒಬ್ಬರೇ ಪರೀಕ್ಷಿಸುವ ಕೆಲಸವಲ್ಲ. ಒಬ್ಬರು ಮುಂದೆ ಕೂತು ತುಳಿಯಬೇಕು, ಒಬ್ಬರು ಹಿಂದೆ ನಿಂತು ನೋಡಬೇಕು. ನಮ್ಮ ಮನೆಯಲ್ಲಿ ಯಾರು ತುಳಿಯುವವರು, ಯಾರು ನೋಡಿ ತೀರ್ಪು ಕೊಡುವವರು ಎಂಬುದು ಚರ್ಚೆಯಿಲ್ಲದೆ ತೀರ್ಮಾನವಾಗಿತ್ತು. ಅವಳು ಔಷಧಿ ಅಂಗಡಿಯಿಂದ ಬಂದವಳು ಬ್ಯಾಗು ಕೂಡ ಇಡದೆ ಸೀಟಿನಲ್ಲಿ ಕೂತಳು. ನಾನು ಹಿಂದಿನಿಂದ, ತುಳಿ, ಬಿಡು, ತುಳಿ, ಬಿಡು ಎಂದೆ. ಉರಿಯಿತು, ಆರಿತು. ಆಮೇಲೆ ಲೈಟಿನ ಸ್ವಿಚ್ಚು ಹಾಕಿಸಿದೆ. ಬಲಗಡೆಯದು ಎಡಗಡೆಯದಕ್ಕಿಂತ ಜೋರಾಗಿ ಝಗಝಗ ಉರಿಯಿತು. ಹೊಸ ಬಲ್ಬು ಎಂದರೆ ಹೀಗಿರಬೇಕು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಆರು ವಾರ ಕಳೆದು ಎರಡನೇ ಟೆಸ್ಟು. ಲೈಟು ಹಾಕಿ ಬ್ರೇಕು ತುಳಿಸಿದರೆ ಎಡಗಡೆಯದು ಜೋರಾಯಿತು, ಬಲಗಡೆಯದು ಇದ್ದ ಹಾಗೇ ಇತ್ತು. ಇನ್ಸ್‌ಪೆಕ್ಟರು ಬಗ್ಗಿ ನೋಡಿ, ಬಲ್ಬು ಯಾರು ಹಾಕಿದ್ದು ಎಂದು ಕೇಳಿದ. ನಾನು ಬೇರೆ ಕಡೆ ನೋಡಿದೆ. ಆ ಬಲ್ಬಿನೊಳಗೆ ಎರಡು ತಂತಿ ಇರುತ್ತವೆ, ಸಣ್ಣ ಬೆಳಕಿಗೊಂದು, ಬ್ರೇಕಿನ ದೊಡ್ಡ ಬೆಳಕಿಗೊಂದು. ತಿರುಗುಮುರುಗಾಗಬಾರದೆಂದೇ ಬುಡದ ಎರಡು ಮೊಳೆಗಳನ್ನು ಒಂದು ಮೇಲೆ, ಒಂದು ಕೆಳಗೆ ಇಟ್ಟಿರುತ್ತಾರೆ. ತಪ್ಪಾಗಿ ಹಾಕಲು ಸಾಧ್ಯವೇ ಇಲ್ಲದಂತೆ ಮಾಡಿದ ವಸ್ತುವನ್ನು ಬರೀ ತೋಳ್ಬಲದಿಂದ ತಪ್ಪಾಗಿ ಹಾಕಿದ ಭೌತಶಾಸ್ತ್ರದ ಮೇಷ್ಟ್ರು ನಾನೊಬ್ಬನೇ ಇರಬೇಕು. ಮತ್ತೆ ಆರು ವಾರ. ಮನೆಗೆ ಬಂದವನೇ ನಾನು ಅಕ್ಕನ ಮಗನಿಗೆ ಫೋನು ಮಾಡಿ, ಮತ್ತೆ ಫೇಲು ಕಣಯ್ಯಾ ಎಂದು ನಕ್ಕೆ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತದ್ದು ನನ್ನ ಕಿವಿಗೆ ಬಿತ್ತು. ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಇಲ್ಲಿ ಒಂದು ಒಳಗುಟ್ಟು ಹೇಳಿಬಿಡುತ್ತೇನೆ. ಅವಳು ಲೈಸೆನ್ಸು ತೆಗೆದುಕೊಳ್ಳುವುದು ನನಗೆ ಅಷ್ಟೇನೂ ಬೇಕಿರಲಿಲ್ಲ. ಲೈಟನ್ನು ಬೇಕೆಂದೇ ಕೆಡಿಸಿದೆ ಎಂದಲ್ಲ, ಅಷ್ಟು ಬುದ್ಧಿ ನನಗಿದ್ದರೆ ಸರಿಯಾಗಿಯೂ ಮಾಡುತ್ತಿದ್ದೆ. ಆದರೆ ನಿವೃತ್ತನಾದ ಮೇಲೆ ಮನೆಯಲ್ಲಿ ನನ್ನನ್ನು ಕೇಳಿ ಆಗಬೇಕಾದ ಕೆಲಸ ಎಂದು ಉಳಿದಿದ್ದು ಕಾರು ಓಡಿಸುವುದೊಂದೇ. ರೀ, ಬರೋ ಭಾನುವಾರ ಹೋಗೋಣ್ವಾ ಎಂದು ಅವಳು ಕೇಳುವಾಗ, ನೋಡೋಣ ಎನ್ನುವ ಸುಖ ದೊಡ್ಡದು. ಆ ಸುಖ ಕೈತಪ್ಪುತ್ತದೆ ಎಂಬ ಹೊಟ್ಟೆಯುರಿ ಒಳಗೆಲ್ಲೋ ಇತ್ತು.

ಬಲ್ಬನ್ನು ಸರಿಯಾಗಿ ತಿರುಗಿಸಿ ಹಾಕಿದೆ, ಕೆಲವು ವಾರ ಚೆನ್ನಾಗಿಯೇ ಉರಿಯಿತು. ಮೂರನೇ ಟೆಸ್ಟಿಗೆ ನಾಲ್ಕು ದಿನ ಇರುವಾಗ, ಕಾರು ತೊಳೆದು ನಿಲ್ಲಿಸಿ ಸಂಜೆ ನೋಡಿದರೆ, ಬಲಗಡೆಯದು ಮಂಕಾಗಿತ್ತು. ಬ್ರೇಕು ತುಳಿದರೆ ಜೋರಾಗುವ ಬದಲು ಆರಿಯೇಹೋಗುತ್ತಿತ್ತು. ಮಲ್ಟಿಮೀಟರು ಬಂತು. ಬಲ್ಬು ತೆಗೆದು ಸಾಕೆಟ್ಟಿನೊಳಗೆ ಮೀಟರಿನ ಕಡ್ಡಿ ಇಟ್ಟು, ತುಳಿ ಎಂದೆ. ಹನ್ನೆರಡು ಪಾಯಿಂಟ್ ನಾಲ್ಕು ವೋಲ್ಟು. ಸಾಕೆಟ್ಟು ಸರಿ. ಬಲ್ಬನ್ನು ಅಳೆದೆ, ಅದೂ ಸರಿ. ಎರಡೂ ಸರಿಯಿದ್ದ ಮೇಲೆ ಉರಿಯಲೇಬೇಕು. ಉರಿಯಲಿಲ್ಲ. ಉರಿಯದಿರುವುದು ಆ ಲೈಟಿನ ತಪ್ಪು ಎಂಬ ತೀರ್ಮಾನಕ್ಕೆ ಬಂದೆ.

ಮೂರು ಸಂಜೆ ಹೀಗೇ ಹೋಯಿತು. ಫ್ಯೂಸು ಬದಲಾಯಿಸಿದೆ, ಪೆಡಲಿನ ಸ್ವಿಚ್ಚು ಬದಲಾಯಿಸಿದೆ, ಇನ್ನೊಂದು ಬಲ್ಬು ತಂದೆ. ಪ್ರತಿ ಸಂಜೆ ಅವಳು ಮುಂದೆ ಕೂತು ತುಳಿಯುತ್ತಿದ್ದಳು, ನಾನು ಹಿಂದೆ ಮಂಡಿಯೂರಿ ಪಾಯಿಂಟ್ ನಾಲ್ಕನ್ನು ಓದುತ್ತಿದ್ದೆ. ಮೊದಲ ಸಂಜೆಯೇ ಅವಳು, ನಾನು ಬ್ರೇಕು ತುಳಿದಾಗಲೆಲ್ಲ ಇಲ್ಲಿ ಸ್ಟೀರಿಂಗಿನ ಮುಂದೆ ಬಲಗಡೆ ಬಾಣದ ದೀಪ ಮಿಣುಕ್ ಅನ್ನುತ್ತೆ ನೋಡಿ ಎಂದಿದ್ದಳು. ಬಾಣ ಇಂಡಿಕೇಟರಿನದು, ಅದಕ್ಕೂ ಬ್ರೇಕಿಗೂ ಸಂಬಂಧವಿಲ್ಲ, ನೀನು ಕಾಲಿನ ಕಡೆ ಗಮನ ಕೊಡು ಎಂದೆ. ಎರಡನೇ ಸಂಜೆ ಮತ್ತೆ ಹೇಳಿದಳು. ಕ್ಲಾಸಿನಲ್ಲಿ ಅಸಂಬದ್ಧ ಪ್ರಶ್ನೆ ಕೇಳಿದವರ ಕಡೆ ನೋಡುತ್ತಿದ್ದ ಹಾಗೆ ನೋಡಿದೆ. ಮೂರನೇ ಸಂಜೆ ಅವಳು ಹೇಳಲಿಲ್ಲ.

ನಾಲ್ಕನೇ ದಿನ, ಅಂದರೆ ಟೆಸ್ಟಿನ ಹಿಂದಿನ ದಿನ, ಮಧ್ಯಾಹ್ನ ಗೇಟಿನ ಹತ್ತಿರ ಸ್ಕೂಟರು ನಿಂತಿತು. ಬಂದವನು ಮೂಲೆಯ ಗ್ಯಾರೇಜಿನ ಎಲೆಕ್ಟ್ರಿಷಿಯನ್. ನನ್ನ ಹೆಂಡತಿ ಅರ್ಧ ದಿನ ರಜೆ ಹಾಕಿ ಅವನನ್ನು ಕರೆಸಿದ್ದಳು. ಇವನಿಗೂ ನನಗೂ ಒಂದು ಹಳೇ ಕಥೆ ಇತ್ತು. ಎರಡು ವರ್ಷದ ಹಿಂದೆ ಬ್ಯಾಟರಿ ತೋರಿಸಲು ಹೋದಾಗ, ಅವನು ಎರಡು ವೈರು ಸಿಕ್ಕಿಸಿದ ಒಂದು ಬಲ್ಬಿನಿಂದ ಎಲ್ಲವನ್ನೂ ಪರೀಕ್ಷಿಸುತ್ತಿದ್ದ. ಬಲ್ಬು ಉಪಕರಣವಲ್ಲ, ಅಳತೆ ಇಲ್ಲದ್ದು ಜ್ಞಾನವಲ್ಲ ಎಂದು ನಾನು ಅವನದೇ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಓಮ್‌ನ ನಿಯಮ ಬರೆದು ವಿವರಿಸಿದ್ದೆ. ಅವನು ಪೂರ್ತಿ ಕೇಳಿಸಿಕೊಂಡು, ಸರಿ ಸಾರ್ ಎಂದು ಪಕ್ಕದ ಕಾರಿನ ಕೆಲಸಕ್ಕೆ ಹೋದ. ಅವಮಾನವಾಯಿತೆಂದು ಅಲ್ಲಿಗೆ ಕಾಲಿಡುವುದನ್ನೇ ಬಿಟ್ಟಿದ್ದೆ.

ಅವನು ಅದೇ ಬಲ್ಬು ಹಿಡಿದುಕೊಂಡು ಬಂದಿದ್ದ. ನಾನು ಎದುರು ಹೋಗಿ, ಸಾಕೆಟ್ಟಿನಲ್ಲಿ ಹನ್ನೆರಡು ಪಾಯಿಂಟ್ ನಾಲ್ಕು ವೋಲ್ಟಿದೆ ಎಂದು ವರದಿ ಒಪ್ಪಿಸಿದೆ. ಅವನು ತಲೆಯಾಡಿಸಿ, ನನ್ನನ್ನು ದಾಟಿ ಮುಂದೆ ಹೋಗಿ, ಸೀಟಿನಲ್ಲಿ ಕೂತಿದ್ದ ನನ್ನ ಹೆಂಡತಿಯ ಕಿಟಕಿಗೆ ಬಗ್ಗಿದ.

"ಬ್ರೇಕ್ ತುಳಿದಾಗ ಮುಂದೆ ಯಾವುದಾದ್ರೂ ದೀಪ ಹತ್ತುತ್ತಾ ಅಕ್ಕ?"

ಅವಳು ಕನ್ನಡಿಯಲ್ಲಿ ಹಿಂದೆ ನಿಂತಿದ್ದ ನನ್ನನ್ನು ಒಂದು ಸಲ ನೋಡಿದಳು.

"ಬಲಗಡೆ ಬಾಣ ಹತ್ತುತ್ತೆ ಅಣ್ಣ. ನಾಲ್ಕು ದಿನದಿಂದ ಹತ್ತುತ್ತಿದೆ."

"ಹಾಗಿದ್ರೆ ಅರ್ಥ್ ಹೋಗಿದೆ," ಎಂದ. ಅಷ್ಟೇ. ಅವನ ರೋಗನಿರ್ಣಯ ಮುಗಿದಿತ್ತು, ಲೈಟಿನ ಮುಚ್ಚಳ ಇನ್ನೂ ಬಿಚ್ಚಿರಲಿಲ್ಲ.

ಮುಚ್ಚಳ ಬಿಚ್ಚಿ ತನ್ನ ಬಲ್ಬಿನ ಒಂದು ವೈರನ್ನು ಸಾಕೆಟ್ಟಿನ ನಡುವೆ, ಇನ್ನೊಂದನ್ನು ಸಾಕೆಟ್ಟಿನ ಗೋಡೆಗೆ ಇಟ್ಟು, ತುಳೀರಿ ಅಕ್ಕ ಎಂದ. ಉರಿಯಲಿಲ್ಲ. ಎರಡನೇ ವೈರನ್ನು ತೆಗೆದು ಕಾರಿನ ಬರಿ ಕಬ್ಬಿಣಕ್ಕೆ ತಾಗಿಸಿದ. ಜಗ್ಗನೆ ಉರಿಯಿತು. ಒಳಗೆ ಕೈಹಾಕಿ ಸಾಕೆಟ್ಟಿನಿಂದ ಕಾರಿನ ಮೈಗೆ ಹೋಗುವ, ಅವನು ಅರ್ಥ್ ಎಂದಿದ್ದ ತಂತಿಯ ತುದಿ ತೋರಿಸಿದ. ಅದು ಹಸಿರು ಕಿಲುಬು ಹಿಡಿದು, ಮುಟ್ಟಿದರೆ ಉದುರುವಂತಾಗಿತ್ತು. ಹೋದ ಕರೆಂಟು ವಾಪಸು ಬರಲು ದಾರಿಯಿಲ್ಲದೆ, ಸಿಕ್ಕ ಸಿಕ್ಕ ದೀಪದೊಳಗೆ ನುಸುಳಿ ಬಾಣದವರೆಗೂ ಹೋಗುತ್ತಿತ್ತಂತೆ.

ನನ್ನ ಹನ್ನೆರಡು ಪಾಯಿಂಟ್ ನಾಲ್ಕರ ಗತಿ ಏನು ಎಂದು ನೀವು ಕೇಳುವುದು ಬೇಡ, ಆ ಹೊತ್ತಿಗೆ ನನಗೇ ಹೊಳೆದಿತ್ತು. ಮೀಟರು ಓದಲು ಕರೆಂಟು ಹರಿಯಬೇಕಾಗಿಯೇ ಇಲ್ಲ, ಒಂದೆಳೆ ತಂತಿ ತಾಗಿದ್ದರೂ ಸಾಕು, ಪೂರ್ತಿ ವೋಲ್ಟು ತೋರಿಸುತ್ತದೆ. ಬಲ್ಬಿಗೆ ಕರೆಂಟು ನಿಜವಾಗಿ ಬೇಕು. ಅದಕ್ಕೇ ಅವನ ಬಲ್ಬು ಸುಳ್ಳು ಹೇಳುವುದಿಲ್ಲ. ಹೊರೆ ಇಲ್ಲದೆ ಅಳೆದ ವೋಲ್ಟೇಜನ್ನು ಏಕೆ ನಂಬಬಾರದು, ಕಾರಣ ಕೊಡಿ ಎಂಬ ಎರಡು ಅಂಕದ ಪ್ರಶ್ನೆಯನ್ನು ನಾನು ಮೂವತ್ತೊಂದು ವರ್ಷ ಪ್ರಶ್ನೆಪತ್ರಿಕೆಗೆ ಹಾಕಿದ್ದೇನೆ. ಉತ್ತರ ಬರೆಯದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ನಮ್ಮ ಮನೆಯ ಅಂಗಳದಲ್ಲಿ ಬೆಂಚಿರಲಿಲ್ಲ, ಇದ್ದಿದ್ದರೆ ನಾನೇ ಹತ್ತಿ ನಿಲ್ಲುತ್ತಿದ್ದೆ.

ಅವನು ತುದಿಯನ್ನು ಮರಳು ಕಾಗದದಲ್ಲಿ ಉಜ್ಜಿ, ಪಕ್ಕದಲ್ಲೇ ಹೊಸ ತಂತಿ ಎಳೆದು ಬಿಗಿದ. ನಾನು ಬಲವಂತವಾಗಿ ಬಲ್ಬು ತುರುಕಿ ಸೊಟ್ಟ ಮಾಡಿದ್ದ ಸಾಕೆಟ್ಟಿನ ಬಾಯನ್ನು ಇಕ್ಕಳದಿಂದ ನೆಟ್ಟಗೆ ಮಾಡಿದ. ಮುಚ್ಚಳ ಹಾಕಲು ಹೊರಟವನು ಅದರ ಅಂಚಿನ ಸುತ್ತ ಬೆರಳಾಡಿಸಿ ನಿಂತ.

"ಇದರ ರಬ್ಬರ್ ಎಲ್ಲಿ ಸಾರ್? ಅದಿಲ್ಲದೆ ನೀರು ಇಳಿದಿದೆ."

ಒಳಗೆ ಹೋಗಿ ಡ್ರಾಯರಿನಿಂದ ರಬ್ಬರು ತಂದುಕೊಟ್ಟೆ. ಅವನು ಅದನ್ನು ಒರೆಸಿ, ಅದರ ಜಾಗದಲ್ಲಿ ಕೂರಿಸಿದ. ನಾನು ಇಂಗು ತಿಂದ ಮಂಗನಂತೆ ನಿಂತಿದ್ದೆ. ಎರಡು ವರ್ಷದ ಹಿಂದೆ ನಿಮ್ಮ ಗೋಡೆಯ ಮೇಲೆ ಬರೆದದ್ದು ತಪ್ಪಾಯಿತು ಎಂದು ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಅವನೇ, ಗೋಡೆಗೆ ಬಣ್ಣ ಬಳಿದೆ ಸಾರ್, ನಿಮ್ಮ ಲೆಕ್ಕ ಹೋಯ್ತು ಎಂದು ನಗುತ್ತಾ ಸ್ಕೂಟರು ಹತ್ತಿದ.

ಅವನು ಹೋದ ಮೇಲೆ ನಾನು ಚೇತರಿಸಿಕೊಂಡು, ಅಂತೂ ನಾಳೆ ನೀನು ಪಾಸಾಗಬಹುದು ಎಂದೆ. ಅವಳು ಕಾರಿನಿಂದ ಇಳಿದು ಬಾಗಿಲು ಮೆಲ್ಲಗೆ ಹಾಕಿದಳು.

"ಎರಡು ಸಲ ಫೇಲಾಗಿದ್ದು ನಾನಲ್ಲ ರೀ. ಎಲ್ಲರಿಗೂ ಫೋನ್ ಮಾಡಿ ಹೇಳಿದ್ರಿ, ಅಕ್ಕನ ಮಗನಿಗೂ ಹೇಳಿದ್ರಿ. ಅವನು ಅಕ್ಕನಿಗೆ ಹೇಳಿದ. ಅಕ್ಕ ಈಗ ನಾನು ಬರ್ತೀನಿ ಅಂತ ಬಾಗಿಲು ನೋಡೋದನ್ನ ಬಿಟ್ಟಿದ್ದಾಳಂತೆ. ನನ್ನ ಹನ್ನೆರಡು ಭಾನುವಾರ ಹೋಯ್ತು."

ಆ ಹನ್ನೆರಡರಲ್ಲಿ ಮೂರು ಭಾನುವಾರ ನಾನು ಕರೆದುಕೊಂಡು ಹೋಗಿದ್ದೆ ಎಂದು ತಿದ್ದಲು ಬಾಯಿ ತೆರೆದೆ. ಜೀವನದಲ್ಲಿ ಮೊದಲ ಸಲ, ತಿದ್ದಬೇಕಾದ ಅಂಕಿಯೊಂದನ್ನು ತಿದ್ದದೆ ಬಾಯಿ ಮುಚ್ಚಿದೆ. ನಾಚಿಕೆ ಎಂಬುದು ನಿಜವಾಗಿ ಹೇಗಿರುತ್ತದೆ ಎಂದು ಆಗ ತಿಳಿಯಿತು. ಸಂಜೆ ಕೂತು, ಮೊದಲು ಫೋನು ಮಾಡಿದ್ದವರಿಗೆಲ್ಲ ಮತ್ತೆ ಫೋನು ಮಾಡಿದೆ. ಫೇಲಾದದ್ದು ನಾನು, ಅವಳಲ್ಲ ಎಂದೆ. ನೀನು ಯಾವ ಟೆಸ್ಟಿಗೆ ಹೋಗಿದ್ದೆ ಎಂದು ನನ್ನ ತಮ್ಮ ಕೇಳಿದ. ಇಡೀ ಕಥೆ ಹೇಳಬೇಕಾಯಿತು. ಅವನು ನಕ್ಕ ನಗು ಇನ್ನೂ ನಿಂತಿರಲಿಕ್ಕಿಲ್ಲ.

ಮಾರನೆಯ ದಿನ ಇನ್ಸ್‌ಪೆಕ್ಟರು ನನ್ನನ್ನು ಕಾರಿನಿಂದ ಇಳಿಸಿ ದೂರ ನಿಲ್ಲಲು ಹೇಳಿದ. ಹಿಂದೆ ಹೋಗಿ, ಲೈಟು ಹಾಕಿಸಿ, ತುಳಿಸಿದ. ಎರಡೂ ಒಟ್ಟಿಗೆ ಜೋರಾದವು. ಮತ್ತೊಮ್ಮೆ ತುಳಿಸಿದ, ಅವನಿಗೂ ನಂಬಿಕೆ ಬಂದಿರಲಿಲ್ಲವೋ ಏನೋ. ಆಮೇಲೆ ಪಕ್ಕದಲ್ಲಿ ಕೂತು ರಸ್ತೆಗೆ ಕರೆದುಕೊಂಡು ಹೋದ. ಇಪ್ಪತ್ತು ನಿಮಿಷಕ್ಕೆ ಬಂದರು. ಹಿಂದಕ್ಕೆ ತೆಗೆದು ಎರಡು ಕಂಬಗಳ ನಡುವೆ ನಿಲ್ಲಿಸುವುದನ್ನು ಅವಳು ಒಂದೇ ಸಲಕ್ಕೆ ಮಾಡಿದಳು. ಅಲ್ಲಿ ನಾನಾಗಿದ್ದರೆ ಮೂರು ಸಲ ಬೇಕಾಗುತ್ತಿತ್ತು. ಇನ್ಸ್‌ಪೆಕ್ಟರು ಸಹಿ ಹಾಕಿ ಕಾಗದ ಕೊಟ್ಟು, ಮೊದಲನೇ ಸಲವೇ ಪಾಸಾಗಬೇಕಿತ್ತಲ್ಲಮ್ಮ ನೀವು ಎಂದ. ಅವಳು ಹೌದು ಎಂದಷ್ಟೇ ಹೇಳಿದಳು. ನನ್ನ ಕಡೆ ಬೆರಳು ತೋರಿಸಲಿಲ್ಲ.

ಭಾನುವಾರ ಬೆಳಿಗ್ಗೆ ಆರೂವರೆಗೆ ಹೊರಟಳು. ನಾನೂ ಬರಲೇ ಎಂದು ಕೇಳಿದೆ. ಬೇಡ, ನೀವು ಬಂದರೆ ಮೂರು ಗಂಟೆಗೆ ಎದ್ದು ನಿಲ್ತೀರಿ ಎಂದಳು. ಕೋಪದಿಂದ ಹೇಳಲಿಲ್ಲ, ಬಸ್ಸಿನ ವೇಳೆ ಹೇಳುವ ಹಾಗೆ ಹೇಳಿದಳು. ಇಡೀ ದಿನ ಮನೆಯಲ್ಲಿ ಅತ್ತಿಂದಿತ್ತ ಓಡಾಡಿದೆ. ಮಲ್ಟಿಮೀಟರನ್ನು ಪೆಟ್ಟಿಗೆಯಲ್ಲಿಟ್ಟು ಕಪಾಟಿನ ಮೇಲೆ ಹಾಕಿದೆ. ಎರಡು ಸಲ ಫೋನು ಕೈಗೆತ್ತಿಕೊಂಡು, ಓಡಿಸುತ್ತಿರುತ್ತಾಳೆ ಎಂದು ಇಟ್ಟೆ.

ಸಂಜೆ ಏಳಕ್ಕೆ ಬಂದಳು. ಕಣ್ಣು ಕೆಂಪಗಿತ್ತು, ಮುಖ ಮಾತ್ರ ಅರಳಿತ್ತು. ಟೀ ಮಾಡಿಕೊಟ್ಟೆ. ಅಕ್ಕ ಮೊದಲು ಅವಳ ಹಿಂದೆ ಬಾಗಿಲ ಕಡೆ ನೋಡಿದಳಂತೆ, ನಾನು ಕೀ ತಿರುಗಿಸುತ್ತಾ ಬರುತ್ತೇನೆಂದು. ಯಾರೂ ಇಲ್ಲ ಅಕ್ಕ, ನಾನೇ ಓಡಿಸಿಕೊಂಡು ಬಂದೆ, ಕತ್ತಲಾಗೋ ತನಕ ಇರ್ತೀನಿ ಎಂದಾಗ ಅರ್ಧ ಬಾಯಲ್ಲಿ ನಕ್ಕಳಂತೆ. ಆಮೇಲೆ ಬಹಳ ಹೊತ್ತು ಏನೋ ಹೇಳಲು ಒದ್ದಾಡಿದಳಂತೆ. ಅವಳು ಇವಳನ್ನು ಚಿಕ್ಕಂದಿನಿಂದ ಕರೆಯುವುದು ಗುಬ್ಬಿ ಎಂದು.

"ಗು ಅಂತ ಬಂತು ರೀ. ಗು, ಗು ಅಂತ ಎರಡು ಸಲ. ನಾನು ಕೈ ಹಿಡ್ಕೊಂಡು ಕೂತಿದ್ದೆ. ಬರೋ ವಾರ ಇನ್ನರ್ಧ ಬರುತ್ತೆ."

ಒಳ್ಳೆಯದಾಯಿತು ಎಂದೆ. ಅವಳು ಲೋಟ ತೊಳೆದಿಡಲು ಒಳಗೆ ಹೋದಳು. ಮೊದಲ ಟೆಸ್ಟಿನ ಹಿಂದಿನ ತಿಂಗಳು ನಾವಿಬ್ಬರೂ ಅಕ್ಕನ ಮನೆಗೆ ಹೋಗಿದ್ದಾಗ ಅಕ್ಕ ಗುಬ್ಬಿ ಎಂದು ಪೂರ್ತಿ ಹೆಸರು ಹಿಡಿದು ಕರೆದಿದ್ದಳು. ಅದು ನನಗೆ ನೆನಪಿತ್ತು. ನನ್ನ ಹೆಂಡತಿಗೂ ನೆನಪಿತ್ತು, ಆದರೆ ಅವಳು ಅದನ್ನು ಹೇಳಲಿಲ್ಲ.